ಮಡಚುವ ರೆಕ್ಕೆ

ಸಡಾ, ವಾಸ್ಕೋ
16 ಜನವರಿ 2004

ನಮ್ಮ ಮುತ್ತುವಿನ ಅಪ್ಪನವರಿಗೆ ನಮಸ್ಕಾರ.

ರಾತ್ರಿ ಒಂದೂ ಮುಕ್ಕಾಲಿಗೆ ಎಚ್ಚರವಾಯಿತು. ತಗಡಿನ ಗೋಡೆಯ ಆಚೆ ಸತ್ಯವ್ವ ಟ್ರಂಕು ಎಳೆಯುತ್ತಿದ್ದಾಳೆ. ಆರು ಗಂಟೆಯ ಬಸ್ಸಿಗೆ ಊರಿಗೆ ಹೋಗುತ್ತಾಳಂತೆ. ಸಂಜೆ ನಮ್ಮ ಬಾಗಿಲಲ್ಲಿ ಕುಳಿತು, "ನಾಳೆ ಎಂಟಕ್ಕ ಸಾಹೇಬ ಪೊಲೀಸರನ್ನ ಕರಸ್ತಾನಂತ. ಆ ಮುದುಕನ ಆಟಗಿ ಸಾಮಾನಿಗೆ ನಾ ಜೇಲಿಗೆ ಹೋಗಬೇಕೇನ ತಂಗಿ? ಕದಿಯೂದಾದ್ರ ಅವನ ಫ್ರಿಜ್ಜಾದ್ರೂ ಕದೀತಿದ್ದೆ" ಅಂದು ನಕ್ಕಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಚಹಾ ಮಾಡಿಕೊಟ್ಟೆ. ಅಷ್ಟೇ ಮಾಡಿದೆ.

ಪಣಜಿಯಲ್ಲಿ ನೀವು ಕಾವಲಿರುವ ಸಾಹೇಬರ ಮನೆಯಲ್ಲಿ ಅವಳಿಗೆ ಕಸ ಹೊಡೆಯುವ ಕೆಲಸ ಕೊಡಿಸಿದವರು ನೀವೇ. ಗಾಜಿನ ಕಪಾಟಿನ ಕೋಣೆಗೆ ದಿನಾ ಹೋಗುವವಳು ಅವಳೊಬ್ಬಳೇ ಎಂದು ಸಾಹೇಬರು ಅವಳನ್ನೇ ಹಿಡಿದಿದ್ದಾರೆ. ನನ್ನ ಬಗ್ಗೆ ಮಾತ್ರ, ಕುಬೇರನ ಹೆಂಡತಿ ಓದಿದವಳು, ಅಂಥವಳಲ್ಲ ಎಂದರಂತೆ. ಈಗ ಅವಳು ಊರಿಗೆ ಹೋದರೆ ಕಳ್ಳಿ ಎನ್ನುವುದು ಖಾತ್ರಿಯಾಗಿಬಿಡುತ್ತದೆ.

ರೀ, ಸಿಟ್ಟಾಗದೆ ಓದಿ. ಕಪಾಟಿನಿಂದ ಕಾಣೆಯಾದ ಆ ಪುಟ್ಟ ನೀಲಿ ವಿಮಾನ ನಮ್ಮ ಮನೆಯಲ್ಲಿದೆ.

ಭಾನುವಾರ ನಿಮಗೆ ಬುತ್ತಿ ತಂದಿದ್ದೆವಲ್ಲ, ಆಗ ಸಾಹೇಬರು ಮುತ್ತುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದನ್ನು ತೋರಿಸಿದರು. ಎರಡನೇ ಮಹಾಯುದ್ಧದಲ್ಲಿ ಹಡಗಿನ ಮೇಲಿಂದ ಹಾರುತ್ತಿದ್ದ ವಿಮಾನದ ಮಾದರಿಯಂತೆ. ಹಡಗಿನಲ್ಲಿ ಜಾಗ ಕಡಿಮೆ, ಅದಕ್ಕೇ ರೆಕ್ಕೆ ಮಡಚುತ್ತವೆ ಎಂದರು. ಅಂಗೈಯಷ್ಟೇ ಇದ್ದರೂ ಕಲ್ಲಿನ ಭಾರ. ಬಟ್ಟೆ ತಾಗಿಸಬಾರದು, ಸಣ್ಣ ಬ್ರಷ್ಷಿನಲ್ಲೇ ಧೂಳು ತೆಗೆಯಬೇಕು ಎಂದು ನೀವು ಹೇಳುತ್ತಿದ್ದದ್ದು ಇದನ್ನೇ. ಬಸ್ಸಿನಲ್ಲಿ ನೋಡಿದರೆ ಅದು ಮುತ್ತುವಿನ ಸ್ವೆಟರಿನೊಳಗಿತ್ತು.

ಅಲ್ಲೇ ಇಳಿದು ತಿರುಗಿ ಬರಬೇಕಿತ್ತು. ಬರಲಿಲ್ಲ, ಏಕೆಂದರೆ ನಮ್ಮ ಹುಡುಗ ಮಾತಾಡಿದ. ರೆಕ್ಕೆ ಮಡಚಿ ನನ್ನ ಮುಂದೆ ಹಿಡಿದು "ತೆಗಿ" ಅಂದ. ತೆಗೆದೆ. ಮತ್ತೆ ಮಡಚಿ "ತೆಗಿ" ಅಂದ. ವಾಸ್ಕೋ ಬರುವವರೆಗೂ ಅದೇ. ಮೂರು ವರ್ಷ ಎರಡು ತಿಂಗಳಲ್ಲಿ ಅವನ ಬಾಯಿಂದ ಬಂದ ಮೊದಲ ಮಾತು. ನಿಮ್ಮ ಅವ್ವ "ಓದಿದಾಕಿ ಹೊಟ್ಟ್ಯಾಗ ಮೂಗ ಹುಟ್ಟೈತಿ" ಅಂದ ದಿನದಿಂದ ನನ್ನ ನಿದ್ದೆ ಹೇಗಿದೆ ಎಂದು ನಿಮಗೆ ಗೊತ್ತು. ವಿಮಾನ ಕಸಿದುಕೊಂಡರೆ ಮಾತೂ ಹೋದೀತೆಂದು ಹೆದರಿದೆ. ನಾಳೆ ಕೊಟ್ಟರಾಯಿತು, ನಾಳೆ ಕೊಟ್ಟರಾಯಿತು ಎನ್ನುತ್ತ ಐದು ದಿನ ಕಳೆದೆ.

ಸಾಹೇಬರ ಫೋನು ಅವರ ಹಾಸಿಗೆಯ ಪಕ್ಕದಲ್ಲೇ ಇದೆ. ನಿಮಗಿಂತ ಮೊದಲು ಅವರ ಕಿವಿಗೆ ಬೀಳುವುದು ಬೇಡ ಎಂದು ಬರೆಯುತ್ತಿದ್ದೇನೆ. ಮೂರೂವರೆಗೆ ಇಲ್ಲಿಂದ ಹೊರಡುವ ಪೇಪರಿನ ವ್ಯಾನಿನಲ್ಲಿ ನಮ್ಮ ಓಣಿಯ ಪರಶು ಪಣಜಿಗೆ ಬರುತ್ತಾನೆ. ಈ ಪತ್ರದ ಜೊತೆ ಬುತ್ತಿ ಡಬ್ಬಿ ಕೊಡುತ್ತಾನೆ. ವಿಮಾನ ಅದರಲ್ಲಿದೆ, ಮುತ್ತುವಿನ ಟೋಪಿಯಲ್ಲಿ ಸುತ್ತಿದ್ದೇನೆ. ಬಣ್ಣ ಎದ್ದಿಲ್ಲ, ರೆಕ್ಕೆ ಸಡಿಲಾಗಿಲ್ಲ. ಸಾಹೇಬರು ಐದಕ್ಕೆ ಏಳುತ್ತಾರಲ್ಲ, ಆಗಲೇ ಅವರ ಕೈಗೆ ಕೊಟ್ಟು, ಮಗು ತಿಳಿಯದೆ ತಂದಿತು ಎಂದು ಹೇಳಿ.

ಇತಿ,
ನಿಮ್ಮ ಸುಮಲತಾ

ತಾ.ಕ.: ಪರಶು ಬರಲು ಇನ್ನೂ ಸ್ವಲ್ಪ ಹೊತ್ತಿದೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಮುತ್ತು ಮೊದಲು ಮಾತಾಡಿದ್ದು ಬಸ್ಸಿನಲ್ಲಲ್ಲ. ಸಾಹೇಬರು ವಿಮಾನ ಒಳಗಿಟ್ಟು ಫೋನಿಗೆ ಎದ್ದು ಹೋದಾಗ ಅವನು ಕಪಾಟಿನ ಗಾಜಿಗೆ ಬೆರಳು ಹಚ್ಚಿ "ತೆಗಿ" ಅಂದ. ನಾನೇ ತೆಗೆದೆ. ನಾನೇ ಬುತ್ತಿಯ ಚೀಲದಲ್ಲಿ ಹಾಕಿಕೊಂಡೆ. ಸ್ವೆಟರಿನಲ್ಲಿ ಏನೂ ಇರಲಿಲ್ಲ. ಸಾಹೇಬರ ಮುಂದೆ ಮಗುವಿನ ಹೆಸರು ಹೇಳಬೇಡಿ, ನನ್ನ ಹೆಸರು ಹೇಳಿ. ನಿಮ್ಮ ಕೆಲಸ ಹೋಗಬಹುದು, ಅದೂ ಗೊತ್ತು.

ಈಗ ಸತ್ಯವ್ವನ ಬಾಗಿಲು ಬಡಿಯುತ್ತೇನೆ. ಅವಳು ನನ್ನನ್ನು ಬಯ್ಯಲಿ. ಆದರೆ ವಿಮಾನ ಸಾಹೇಬರ ಕೈ ಸೇರಿತೆಂದು ನಿಮ್ಮ ಬಾಯಿಂದ ಕೇಳುವವರೆಗೆ ಅವಳು ಟ್ರಂಕು ಇಳಿಸುವುದಿಲ್ಲ. ರಸೂಲಸಾಬರು ನಾಲ್ಕೂವರೆಗೆ ಚಹಾದಂಗಡಿ ತೆಗೆಯುತ್ತಾರೆ. ಅಲ್ಲಿಯ ಫೋನಿನ ಹತ್ತಿರ ಅವಳನ್ನು ಕೂರಿಸಿಕೊಂಡಿರುತ್ತೇನೆ, ಮುತ್ತುವನ್ನೂ ಎತ್ತಿಕೊಂಡು ಹೋಗುತ್ತೇನೆ. ವಿಮಾನವಿಲ್ಲದೆ ಅವನು ಮಾತಾಡುತ್ತಾನೋ ಇಲ್ಲವೋ, ನೀವೂ ಕೇಳಿ ನೋಡಿ. ಬಸ್ಸು ಆರಕ್ಕೆ. ಬೆಳಕು ಹರಿಯುವುದರೊಳಗೆ ಫೋನ್ ಮಾಡ್ರಿ, ಕೈ ಮುಗಿಯುತ್ತೇನೆ.