ನಿನ್ನ ಮೂಗಿಗೆ ಬಿದ್ದ ಮೀನು

ಬ್ಲಾಕ್ ಐಲೆಂಡ್, ನವೆಂಬರ್ ೪

ಅಕ್ಕಾ,

ಮದುವೆಯಾಗಿ ಈ ದ್ವೀಪಕ್ಕೆ ಬಂದು ತಿಂಗಳಾಯ್ತು. ಅತ್ತೆ ಹೆಸ್ಟರ್ ನನಗೆ ಅಡುಗೆ ಕಲಿಸ್ತಿಲ್ಲ, ಮೀನು ಹಿಡಿಯೋದು ಕಲಿಸ್ತಿದ್ದಾರೆ. ಅಯೋವಾದ ಜೋಳದ ಹೊಲದಲ್ಲಿ ಬೆಳೆದ ನನ್ನನ್ನ ಬೆಳಕು ಹರಿಯುತ್ತಲೇ ಸೊಂಟದ ಮಟ್ಟದ ಸಮುದ್ರದ ನೀರಲ್ಲಿ ನಿಲ್ಲಿಸ್ತಾರೆ. ದಾರದ ತುದಿಗೆ, ಎರೆಹುಳದ ಬದಲು, ಮಾವ ಸಾಯೋ ಮುಂಚೆ ಕೆತ್ತಿದ ಮರದ ಸೂಜಿಮೀನು. ಪೆನ್ಸಿಲಿಗೆ ಕೊಕ್ಕೆ ಹಾಕಿದ ಹಾಗಿದೆ. ಪಟ್ಟೆ ಬಾಸ್ ಮೀನು ಅದನ್ನ ನಿಜವಾದ ಮೀನು ಅಂತ ನಂಬಬೇಕಾದ್ರೆ ನಾನು ಏನೂ ಮಾಡಬಾರದಂತೆ. ದೂರ ಎಸೆದು, ರೀಲಿನ ಹಿಡಿಯನ್ನ ನಿದ್ದೆಗಣ್ಣಲ್ಲಿರೋ ಹಾಗೆ ಒಂದೇ ಸಮ ನಿಧಾನವಾಗಿ ತಿರುಗಿಸಬೇಕು, ಅಷ್ಟೆ. ನನ್ನ ಕೈ ಕೇಳಬೇಕಲ್ಲ!

"ಅಲ್ಲಾಡಿಸ್ಬೇಡ ಕಣೇ! ಅದೇನು ತೊಟ್ಟಿಲಾ?" ಅಂತಾರೆ ಅತ್ತೆ. "ನಿನ್ನ ಬಾಯಿ ಆಡ್ತಿರೋ ತನಕ ಕೈಯೂ ಆಡ್ತಾನೇ ಇರುತ್ತೆ."

ಮೊದಲ ಮೂರು ವಾರ ಒಂದು ಮೀನೂ ಇಲ್ಲ. ದಡದಲ್ಲಿ ನಿಂತೋರೆಲ್ಲ ನನ್ನನ್ನ 'ಹೆಸ್ಟರ್ ಮನೆ ಗಾಳಿಪಟ' ಅಂತ ಕರೀತಿದ್ರು. ಹೋದ ವಾರ ಅತ್ತೆ ಇದ್ದಕ್ಕಿದ್ದ ಹಾಗೆ, "ಮದುವೇಲಿ ನಿಮ್ಮಕ್ಕನ ಮೂಗು ನೋಡಿದೆ. ಅದೊಂದಿದ್ರೆ ನಮ್ಮ ದೋಣಿಗೆ ಚುಕ್ಕಾಣಿ ಬೇಡ" ಅಂದುಬಿಟ್ರು. ಸಿಟ್ಟಿಗೆ ನನಗೆ ಮಾತೇ ಹೊರಡಲಿಲ್ಲ. ಹಲ್ಲು ಕಚ್ಚಿಕೊಂಡು, ಸಮುದ್ರ ದಿಟ್ಟಿಸ್ತಾ ಹಿಡಿ ತಿರುಗಿಸಿದೆ. ಮೂವತ್ತು ಪೌಂಡಿನ ಬಾಸ್ ಕಚ್ಚಿತು ಕಣೇ!

ಅವತ್ತಿಂದ ದಿನಾ ನಾನು ದಾರ ಎಸೆದ ತಕ್ಷಣ ಅತ್ತೆ ನಿನ್ನ ಮೂಗಿನ ಪುರಾಣ ಶುರು ಮಾಡ್ತಾರೆ. ಐದು ಮೀನು ಬಿತ್ತು.

ನನ್ನ ಶೀತ ಕಮ್ಮಿಯಾಗಿದೆ. ಬೂಟು ಸೋರುತ್ತೆ, ಉಣ್ಣೆ ಕಾಲುಚೀಲ ಕಳಿಸು. ಜೊತೆಗೆ ಮದುವೆಗೆ ಬರದ ನಮ್ಮ ಅಣ್ಣನ ಫೋಟೋನೂ ಇಡು, ಅತ್ತೆಗೆ ತೋರಿಸ್ಬೇಕು, ಅರ್ಜೆಂಟು. ನಿನ್ನ ಮೂಗಿಗೆ ಈಗ ನನಗೂ ನಗು ಬರ್ತಿದೆ, ಕೈ ಮತ್ತೆ ಅಲ್ಲಾಡ್ತಿದೆ.

ನಿನ್ನ ತಂಗಿ
ನೋರೀನ್