ಗೌರಿಯ ಹಣೆಗೆ ಕುಂಕುಮ

ಮೇ 3, 1986. ಶನಿವಾರ, ಸಂಜೆ

ಬೆಳಿಗ್ಗೆ ಎಂದಿನಂತೆ ಕಾಫಿ, ಎಂದಿನಂತೆ ಹಸುವಿನ ಚರ್ಚೆ. ಮುಂದಿನ ಭಾನುವಾರ ಸರಟೋಗಾದ ಹೊಸ ಮನೆಯ ಗೃಹಪ್ರವೇಶ. ಮೊದಲು ಹಸು ಒಳಗೆ ಹೋಗಬೇಕು, ಆಮೇಲೆ ನಾವು. ಕಾರ್ಪೆಟ್ಟಿನ ಭವಿಷ್ಯದ ಬಗ್ಗೆ ಕೇಳಿದೆ. ರಮಾ ಉತ್ತರಿಸಲಿಲ್ಲ. ಹೆಂಡತಿ ಉತ್ತರಿಸದಿದ್ದರೆ ನಿರ್ಣಯ ಅಂಗೀಕಾರವಾಯಿತೆಂದು ಲೆಕ್ಕ.

ಆಫೀಸಿನ ಡಗ್‌ನ ಅಣ್ಣ ವೇಯ್ನ್ ದನ ಸಾಕುತ್ತಾನೆ. ಲಿವರ್‌ಮೋರ್ ದಾಟಿ, ಬೆಟ್ಟದ ಹಿಂದೆ, ಡಸ್ಟಿ ಫ್ಲಾಟ್ ಎಂಬ ಊರು. ಹೋದೆವು. ಒಂದೇ ಬೀದಿ. ಮರದ ಫುಟ್‌ಪಾತು, ಅಂಗಡಿಗಳ ಮುಂದೆ ಕುದುರೆ ಕಟ್ಟುವ ಕಂಬ, ಕಂಬದ ಪಕ್ಕ ಪಿಕಪ್ ಟ್ರಕ್ಕು. ಹಳೆಯ ಜೈಲು ಈಗ ಮ್ಯೂಸಿಯಂ. ನೂರು ವರ್ಷದ್ದಂತೆ, ಮುಟ್ಟಬಾರದಂತೆ.

“ನಮ್ಮಜ್ಜಿ ಹುಳಿ ಪಾತ್ರೆ ಇದಕ್ಕಿಂತ ಹಳೇದು ಕಣ್ರೀ,” ಎಂದಳು ರಮಾ. “ದಿನಾ ಉಜ್ತಾರೆ.”

ವೇಯ್ನ್ ಎಂದರೆ ಆರಡಿ ಮನುಷ್ಯ, ಮೇಲೊಂದು ಹ್ಯಾಟು. ನಮ್ಮ ಬೇಡಿಕೆ ಕೇಳಿ ಹ್ಯಾಟು ತೆಗೆದು ತಲೆ ಕೆರೆದುಕೊಂಡ.

“ಹಸು. ಮನೆಯ ಒಳಗೆ. ಬೇಕೂಂತಲೇ?”

“ಬೇಕೂಂತಲೇ,” ಎಂದೆ. ಹೇಳಿದ ಮೇಲೆ ನನಗೇ ಅನುಮಾನ.

ಬಾಟಲಿ ಹಾಲು ಕುಡಿಸಿ ಬೆಳೆಸಿದ ಸಾಧು ಹಸುವೊಂದಿತ್ತು. ಕಂದು ಬಣ್ಣ. ರಮಾ ಗೌರಿ ಎಂದು ಹೆಸರಿಟ್ಟು, ಪರ್ಸಿನಿಂದ ಭರಣಿ ತೆಗೆದು, ಹಣೆಗೆ ಧಾರಾಳವಾಗಿ ಕುಂಕುಮ ಬಳಿದಳು. ಬೇಲಿಯ ಮೇಲೆ ಕೂತಿದ್ದ ಆಳುಗಳು ಮೌನವಾದರು. ಭಕ್ತಿ ಎಂದುಕೊಂಡೆ.

ಮೇ 6. ಮಂಗಳವಾರ, ಆಫೀಸು

ಭಕ್ತಿಯಲ್ಲ. ವೇಯ್ನ್‌ನ ದೊಡ್ಡಿಯಲ್ಲಿ ಹಣೆಗೆ ಕೆಂಪು ಬಳಿದರೆ ಆ ದನ ಕಸಾಯಿಖಾನೆಗೆ ಎಂದರ್ಥ. ಆಳುಗಳು ಗೌರಿಯನ್ನು ಆ ಗುಂಪಿಗೆ ಸೇರಿಸಿಬಿಟ್ಟಿದ್ದಾರೆ. ಡಗ್ ಮಧ್ಯಾಹ್ನ ಊಟದ ಹೊತ್ತಿಗೆ ಸ್ಯಾಂಡ್‌ವಿಚ್ ಅಗಿಯುತ್ತ ಹೇಳಿದ.

ವೇಯ್ನ್‌ಗೆ ಫೋನು. ಅವನಿಗೆ ಏನೂ ತೊಂದರೆಯಿಲ್ಲವಂತೆ. ಭಾನುವಾರ ಕಸಾಯಿಖಾನೆಗೆ ಹೊರಟ ಟ್ರಿಪ್ಪಿನಲ್ಲೇ ನಮ್ಮ ಮನೆಗೆ ತಂದು, ಪೂಜೆ ಮುಗಿದ ಮೇಲೆ ಮುಂದಕ್ಕೆ ಒಯ್ಯುತ್ತಾನಂತೆ.

“ಅದೊಂದನ್ನ ಬಿಟ್ಟುಬಿಡಿ,” ಎಂದೆ.

“ಆಗಲಿ. ಬದಲಿಗೆ ಯಾವುದನ್ನ ಕಳಿಸಲಿ? ನೀವೇ ಆರಿಸಿ.”

ಬೆಳ್ಳುಳ್ಳಿಯನ್ನೂ ಒಳಗೆ ಬಿಡದ ಮನೆತನದವನು ನಾನು. ಫೋನಿಟ್ಟುಬಿಟ್ಟೆ. ಅದು ಉತ್ತರವೆ? ಯಾವ ಉತ್ತರ? ತಿಳಿಯದು.

ಮೇ 7

ರಮಾಗೆ ಹೇಳಬೇಕು... ಗೌರಿಯ ಕೊರಳಿಗೆಂದು ಗೆಜ್ಜೆ ಪೋಣಿಸುತ್ತಿದ್ದಳು. ಹೇಳಲಿಲ್ಲ.

ಮೇ 11. ಭಾನುವಾರ, ಬೆಳಿಗ್ಗೆ, ಹೊಸ ಮನೆಯ ಬಾತ್‌ರೂಮು

ಬೇರೆ ಕಡೆ ಕೂರುವ ಹಾಗಿಲ್ಲ. ಹಾಲ್‌ನಲ್ಲಿ ಹಸು ಇದೆ.

ಗೌರಿ ಹೊಸಿಲು ದಾಟಿದಳು, ಬಲಗಾಲಿಟ್ಟೇ. ಆನಂದತೀರ್ಥರು — ವಾರವಿಡೀ ಚಿಪ್ ಡಿಸೈನು, ಭಾನುವಾರ ಪೌರೋಹಿತ್ಯ — ಮಂತ್ರ ಹೇಳಿದರು. ಕಾರ್ಪೆಟ್ಟಿಗೆ ನಾನು ಹೆದರಿದ್ದೆಲ್ಲ ಆಯಿತು. “ಶುಭ,” ಎಂದರು ಅವರು, ಪಂಚೆ ಎತ್ತಿ ಪಕ್ಕಕ್ಕೆ ಸರಿದು.

ಆಮೇಲೆ ರಮಾ ವೇಯ್ನ್‌ನನ್ನು ಕೇಳಿದಳು: ಗೌರಿ ಇನ್ನು ವಾಪಸು ದೊಡ್ಡಿಗೆ ತಾನೆ? ವೇಯ್ನ್ ಸುಳ್ಳು ಹೇಳುವವನಲ್ಲ. ಇದ್ದದ್ದನ್ನು ಹೇಳಿ, ಟ್ರಕ್ಕು ತಿರುಗಿಸಲು ಹೊರಗೆ ಹೋದ.

“ನಿಮಗೆ ಗೊತ್ತಿತ್ತಾ?”

“ಮಂಗಳವಾರದಿಂದ.”

ಕೂಗಾಡಲಿಲ್ಲ. ಮುಂಬಾಗಿಲಿನ ಚಿಲಕ ಹಾಕಿದಳು.

“ಈ ಮನೆಗೆ ಮೊದಲು ಬಂದಿದ್ದು ಅವಳು, ಆಮೇಲೆ ನಾವು. ಯಾರನ್ನಾದರೂ ಕರ್ಕೊಂಡು ಹೋಗಲೇಬೇಕು ಅಂದ್ರೆ ನೀವು ಹೋಗಿ ಟ್ರಕ್ಕು ಹತ್ತಿ.”

ವೇಯ್ನ್ ಹಾರ್ನ್ ಹೊಡೆಯುತ್ತಿದ್ದಾನೆ. ಈ ಕಿಟಕಿಯಿಂದ ಟ್ರೈಲರು ಕಾಣುತ್ತದೆ. ಸರಳುಗಳ ಸಂದಿಯಲ್ಲಿ ಇನ್ನಷ್ಟು ಹಣೆಗಳು, ಎಲ್ಲಕ್ಕೂ ಕೆಂಪು. ರಮಾ ಅದನ್ನು ನೋಡದಿದ್ದರೆ ಸಾಕು...

ಹಿತ್ತಲ ಗೇಟಿನ ಸದ್ದು. ರಮಾ. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಒದ್ದೆ ಬಟ್ಟೆ. ಟ್ರೈಲರಿನ ಹತ್ತಿರ ಹೋದಳು. ಸರಳುಗಳೊಳಗೆ ಕೈ ಹಾಕಿ ಮೊದಲನೆಯ ಹಣೆ ಒರೆಸುತ್ತಿದ್ದಾಳೆ. ವೇಯ್ನ್ ಕೆಳಗಿಳಿದು ಹ್ಯಾಟು ತೆಗೆದ. ನನ್ನ ಕಡೆ ನೋಡುತ್ತಿದ್ದಾನೆ. ಅವಳೂ. ನಾನೂ ಹೊರಟೆ. ಇನ್ನೊಂದು ಬಟ್ಟೆ ಎಲ್ಲಿ...