ಹದ ಮೀರಿದ ಬಿಸಿ

ರಾಯಚೂರು, 2391ರ ಹದಿಮೂರನೆಯ ತಿಂಗಳು

ನಮಗಿಂತ ಶತಮಾನಗಳ ಹಿಂದೆ, ಪಾಲಿಮರ್ ಪರೆ ಕಾಯಿಸುವ ವಿದ್ಯೆಯನ್ನು ಈಗಷ್ಟೇ ಕಲಿಯುತ್ತಿರುವ ಹಿರಿಯರಿಗೆ, ನೀಲಗಂಗಾಳ ನಮಸ್ಕಾರ.

ತಿಂಗಳ ಲೆಕ್ಕ ನಿಮಗೆ ವಿಚಿತ್ರವೆನಿಸೀತು. ಬೇಸಿಗೆ ಬೆಳೆದು ಹನ್ನೆರಡು ತಿಂಗಳಲ್ಲಿ ಹಿಡಿಯದಾದಾಗ ನಮ್ಮವರು ಇನ್ನೊಂದು ತಿಂಗಳು ಸೇರಿಸಿಕೊಂಡರು. ನನ್ನ ಮಾತುಗಳೂ ಅಪರಿಚಿತವೆನಿಸಿದರೆ ಕ್ಷಮಿಸಿ.

ಇಲ್ಲಿ ಸೆಕೆಗೆ ಗುಂಡಿಗೆ ಸೋತವರೆಲ್ಲ ಎದೆಪರೆ ಹಚ್ಚಿಕೊಳ್ಳುತ್ತಾರೆ. ಅದು ವಿದ್ಯುತ್ ಹರಿಸುವ ಪಾಲಿಮರಿನ ತೆಳು ನೀಲಿ ಹಾಳೆ. ಬಡಿತ ತಪ್ಪಿದಾಗ ಗುಂಡಿಗೆಗೆ ಮಿಡಿತ ಕೊಡುತ್ತದೆ. ದ್ರಾವಕದಲ್ಲಿ ಕರಗಿಸಿ ತೆಳುವಾಗಿ ಎರೆದ ಹೊಸದರಲ್ಲಿ ಅದರೊಳಗಿನ ಅಣುಸರಪಳಿಗಳು ಸಿಕ್ಕುಬಿದ್ದ ನೂಲಿನಂತಿರುತ್ತವೆ. ಹದವಾದ ಬಿಸಿಯಲ್ಲಿ ನಿಧಾನವಾಗಿ ಇಟ್ಟರೆ ಉಳಿದ ದ್ರಾವಕ ಆರಿ, ಸರಪಳಿಗಳು ಸಡಿಲಗೊಂಡು ಒತ್ತೊತ್ತಾಗಿ ಸಾಲುಗೂಡುತ್ತವೆ, ವಿದ್ಯುತ್ತಿಗೆ ದಾರಿಯಾಗುತ್ತದೆ. ಬಿಸಿ ಮೀರಿತೋ, ಸರಪಳಿಗಳೇ ತುಂಡಾಗಿ ಪರೆ ಒಳಗೊಳಗೇ ಬಿರಿಯತೊಡಗುತ್ತದೆ.

ನಮ್ಮೂರಿನ ಪರೆಭಟ್ಟಿಗೆ ನನ್ನ ಅಣ್ಣ ಶರಣಬಸವನೇ ಮುಖ್ಯಸ್ಥ. ಪರೆಗಳ ಪರೀಕ್ಷೆ ನನ್ನದು. ಒಂದು ಬೇಸಿಗೆ ಜನ ಭಟ್ಟಿಯ ಬಾಗಿಲಲ್ಲಿ ಸಾಲುಗಟ್ಟಿದರು. ಕೆಲಸ ಬೇಗ ಮುಗಿಯಲೆಂದು ಅಣ್ಣ ಬಿಸಿ ಏರಿಸಿದ. ಹೀಗೆ ಕಾಯಿಸಿದ ಪರೆ ಮೊದಮೊದಲು ಚೆನ್ನಾಗಿಯೇ ಮಿಡಿದು ಆಮೇಲೆ ಕೈಕೊಡುತ್ತದೆಂದು ನಾನು ಪರೀಕ್ಷೆ ಮಾಡಿ ತೋರಿಸಿದೆ. ಅವನು ಹಳೆಯದೊಂದು, ಹೊಸದೊಂದು ಪರೆಯನ್ನು ಬೆಳಕಿಗೆ ಹಿಡಿದ.

“ಮ್ಯಾಲೆ ನೋಡಿದ್ರ ಎರಡೂ ಒಂದ ಅದಾವಲ್ಲ, ತಂಗಿ?” ಎಂದ.

ಮರುವಾರ ನನ್ನನ್ನು ಪರೀಕ್ಷೆಯಿಂದ ತೆಗೆದು ಪೊಟ್ಟಣ ಕಟ್ಟುವ ಕೆಲಸಕ್ಕೆ ಹಾಕಿದ. ನನ್ನ ಪರೀಕ್ಷೆಯ ಸುದ್ದಿ ತಿಳಿದ ಊರವರು ಹಿಂದೆಮುಂದೆ ನೋಡಿದಾಗ, ಅವರ ಅನುಮಾನ ಕಳೆಯಲು ಹೊಸ ಪರೆಯನ್ನು ಮೊದಲು, ಗುಂಡಿಗೆ ಸೋತಿದ್ದ ನಮ್ಮ ಅವ್ವನಿಗೇ ತಂದ. ನಾನು ಹಳೆಯ ಹದದ್ದೊಂದನ್ನು ಹಿಡಿದು ಅವಳ ಮುಂದೆ ಕೂತು ಬೇಡಿಕೊಂಡೆ. ಅವ್ವ ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

“ನನ್ನ ಮಗ ಮಾಡಿಸ್ಯಾನ. ಅದ ಇರಲಿ.”

ಅಣ್ಣನೇ ಹಚ್ಚಿದ. ಊರು ನಂಬಿತು.

ಮಳೆಗಾಲಕ್ಕೆ ಮುಂಚೆ, ರೊಟ್ಟಿ ತಟ್ಟುತ್ತಾ ಕೂತಲ್ಲೇ ಅವ್ವ ಗೋಡೆಗೆ ಒರಗಿದಳು, ಮತ್ತೆ ಏಳಲಿಲ್ಲ. ಪರೆಯನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಬತ್ತಿದ ಕೆರೆಯಂಗಳದಂತೆ ಬಿರಿದಿತ್ತು. ಅಣ್ಣನನ್ನು ಕರೆದು ತೋರಿಸಿದೆ. ಬಹಳ ಹೊತ್ತು ನೋಡಿದ, ಅತ್ತ. ಹೊರಗೆ ಹೋಗಿ, ವಯಸ್ಸಾಗಿತ್ತು ಎಂದು ಊರಿಗೆ ಹೇಳಿದ.

ಈಗ ಭಟ್ಟಿಗೆ ಅವ್ವನ ಹೆಸರಿದೆ. ಅವಳ ಚಿತ್ರಕ್ಕೆ ದಿನವೂ ಹೂ ಏರಿಸುತ್ತಾರೆ. ಬಿಸಿ ಮಾತ್ರ ಇಳಿದಿಲ್ಲ.

ಇಲ್ಲಿ ಕೇಳುವವರಿಲ್ಲವೆಂದು ನಿಮಗೆ ಬರೆಯುತ್ತಿದ್ದೇನೆ. ಬಿಸಿಯಿಂದ ಪರೆ ಎಷ್ಟು ಚುರುಕಾಯಿತೆಂದು ಬರೆಯುವಾಗ, ಎಲ್ಲಿಂದ ಕೆಡತೊಡಗಿತೆಂಬುದನ್ನೂ ಅಷ್ಟೇ ದೊಡ್ಡದಾಗಿ ಬರೆದಿಡಿ. ಓದಿದವರು ತಿದ್ದಿಕೊಳ್ಳುತ್ತಾರೆಂದು ನಾನು ನಂಬಿಲ್ಲ. ಗೊತ್ತಿರಲಿಲ್ಲ ಎನ್ನಲು ಅವರಿಗೆ ಬಾಯಿ ಇರಬಾರದು, ಅಷ್ಟೆ.